ಕಣ್ಣಾರೆ ಕಂಡದ್ದರ ತೂಕ

ಕಳೆದ ಕಾರ್ತಿಕ ಮಾಸದಲ್ಲಿ ಮೊರಪ್ಪೂರಿನ ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದ ಮುಗಿದ ಮೇಲೆ ನಡೆದ ಸಂಗತಿ ಇದು. ನಮ್ಮವರೇ ಆದ ಒಬ್ಬ ಹುಡುಗ ಹರೂರು, ಧರ್ಮಪುರಿ ಕಡೆ ಮದುವೆಗಳಿಗೆ ವಿಡಿಯೊ ತೆಗೆದು ಜೀವನ ಮಾಡುತ್ತಾನೆ. ಈ ಭಾಗದ ಕನ್ನಡ ಮನೆಗಳ ಸ್ಥಿತಿಗತಿಯನ್ನು ಕುರಿತು ಅವನು ಇಪ್ಪತ್ತೆರಡು ನಿಮಿಷದ ಒಂದು ಸಾಕ್ಷ್ಯಚಿತ್ರವನ್ನು ಸಿದ್ಧಪಡಿಸಿದ್ದ. ಒಂದು ಮನವಿಯ ಜೊತೆಗೆ ಅದನ್ನು ಬೆಂಗಳೂರಿಗೆ ಕಳಿಸಬೇಕೆಂಬುದು ಹಿರಿಯರ ವಿಚಾರ. ಗೋಡೆಗೆ ಬಿಳಿ ಪಂಚೆ ಕಟ್ಟಿ ಎಲ್ಲರಿಗೂ ತೋರಿಸಿದರು. ಮೊರಪ್ಪೂರು ರೈಲು ನಿಲ್ದಾಣದಿಂದ ಚಿತ್ರ ಆರಂಭವಾಗುತ್ತದೆ. ಆಮೇಲೆ ಮರಗೆಣಸಿನ ಹೊಲ, ಹುಣಸೆ ತೋಪು, ಒಂದು ಹಳೆಯ ತೊಟ್ಟಿ ಮನೆ. ಆ ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜಿ ಕುಳಿತು, "ನನ್ನ ಮೊಮ್ಮಕ್ಕಳಿಗೆ ನನ್ನ ಮಾತು ಬರಾಕಿಲ್ಲ. ನಾನು ಹೋದ ದಿನ ಈ ಮನೇಲಿ ಕನ್ನಡನೂ ಹೋಯ್ತದೆ" ಎನ್ನುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹಿಂದೆ ಕೊಳಲು ನುಡಿಯುತ್ತದೆ. ನೋಡುತ್ತಿದ್ದವರಲ್ಲಿ ಅನೇಕರ ಕಣ್ಣು ತೇವವಾಯಿತು. ನಮ್ಮ ಕಣ್ಣೂ ತೇವವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಒಳಮನೆಯಲ್ಲಿ ಹೆಂಗಸರ ನಡುವೆ ಕುಳಿತು ನೋಡುತ್ತಿದ್ದ ಅದೇ ಅಜ್ಜಿ ಚಿತ್ರ ಮುಗಿದ ಮೇಲೆ ಹೊಸಿಲಿನ ತನಕ ಬಂದರು. "ಮಗಾ, ಅದು ನಾನೇ ಸರಿ. ಮಾತೂ ನಂದೇ. ಆದರೆ ನಾ ಹೇಳಿದ್ದು ಅದಲ್ಲ ಕಣಪ್ಪ" ಎಂದರು.

ಅವರು ಹೇಳಿದ್ದೇನೆಂದು ಕೇಳಿದಾಗ ತಿಳಿದುಬಂದದ್ದು ಇಷ್ಟು. ಪತಿ ಲಿಂಗೈಕ್ಯರಾದ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದರಂತೆ. ಆಗ ಮೂರು ತಿಂಗಳು ಅನ್ನ ಬೇಯಿಸಿ ಕೊಟ್ಟು, ಮೊಮ್ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಸಾಕಿದವರು ಪಕ್ಕದ ಮನೆಯ ತಮಿಳು ಹೆಣ್ಣುಮಗಳು. ಮಕ್ಕಳು ಆಕೆಯ ಮಾತನ್ನೇ ಕಲಿತರು. "ಕನ್ನಡ ಹೋಯ್ತಲ್ಲ ಅಂತ ಒಂದು ಕಡೆ ಸಂಕಟ ಇದೆ. ಆದರೆ ಅವಳ ಋಣ ಇರೋ ಮಾತನ್ನ ಮೊಮ್ಮಕ್ಕಳು ಆಡ್ತವೆ ಅಂತ ನನಗೆ ಬೇಜಾರಿಲ್ಲ" ಎಂದೂ ಅವರು ಕ್ಯಾಮೆರಾದ ಮುಂದೆ ಹೇಳಿದ್ದರು. ಅದು ಚಿತ್ರದಲ್ಲಿ ಇರಲಿಲ್ಲ. ಇನ್ನು ಕಣ್ಣೊರೆಸಿಕೊಂಡದ್ದಕ್ಕೆ ಕಾರಣ, ಪೊರೆ ತೆಗೆಸಿದ ಮೇಲೆ ಅವರ ಬಲಗಣ್ಣಿನಲ್ಲಿ ಸದಾ ನೀರು ಸೋರುತ್ತದೆ! "ನಾಳೆ ಬೆಳಿಗ್ಗೆ ಅವಳ ಮುಖ ನೋಡಬೇಕಲ್ಲ ನಾನು" ಎಂದು ಅಜ್ಜಿ ಒಳಗೆ ಹೋದರು.

ಹುಡುಗ ಕೆಟ್ಟವನಲ್ಲ. "ಅಜ್ಜಿ, ನಾನು ಒಂದು ಮಾತನ್ನೂ ಸುಳ್ಳು ಸೇರಿಸಿಲ್ಲ" ಎಂದ. ಅದು ನಿಜವೇ. ಕೂತವರಲ್ಲಿ ಎರಡು ಪಕ್ಷವಾಯಿತು. ಮನವಿಗೆ ಬಲ ಬರಬೇಕಾದರೆ ಹೀಗೆಯೇ ಇರಬೇಕು, ಎಲ್ಲವನ್ನೂ ಹೇಳುತ್ತ ಕುಳಿತರೆ ಯಾರು ಕೇಳುತ್ತಾರೆ ಎಂದರು ಕೆಲವರು. ಮುದುಕಿಯ ಬಾಯಿಂದ ಅರ್ಧ ಮಾತು ಕಿತ್ತುಕೊಂಡದ್ದು ಅನ್ಯಾಯ ಎಂದರು ಇನ್ನು ಕೆಲವರು. ಈ ವಿಚಾರವಾಗಿ ಪತ್ರಿಕೆಯಲ್ಲಿ ಬರೆಯಿರೆಂದು ನಮಗೆ ಹೇಳಿದರು. ಅಲ್ಲಿಯೇ ಉತ್ತರ ಹೇಳಲಾಗದ್ದರಿಂದ ನಾವೂ ಒಪ್ಪಿಕೊಂಡೆವು.

ವ್ಯಾಪಾರಸ್ಥರಾದ ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸದಾಗಿ ತೋರಬೇಕಾಗಿಲ್ಲ. ಈರೋಡಿನ ಅರಿಶಿನ ಮಂಡಿಗೆ ಹೋದವರು ಬಲ್ಲರು. ಅಲ್ಲಿ ಚೀಲಗಳನ್ನೆಲ್ಲ ಸುರಿದು ಯಾರೂ ನೋಡುವುದಿಲ್ಲ. ಮಾದರಿಯನ್ನು ನೋಡಿ ಬೆಲೆ ಕೂಗುತ್ತಾರೆ. ಮಾದರಿಯಲ್ಲಿರುವ ಪ್ರತಿಯೊಂದು ಕೊಂಬೂ ನಿಜವಾದ ಅರಿಶಿನವೇ, ಅದೇ ಚೀಲದಿಂದ ಬಂದದ್ದೇ. ಆದರೂ ಮೇಲಿನ ದಪ್ಪ ಕೊಂಬುಗಳನ್ನಷ್ಟೇ ಆರಿಸಿ ಇಟ್ಟರೆ ಆ ಮಾದರಿ ಚೀಲದ ಬಗ್ಗೆ ಸುಳ್ಳು ಹೇಳುತ್ತದೆ. ಬಲ್ಲ ಖರೀದಿದಾರ ಆದ್ದರಿಂದಲೇ ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ ನಡುವಿನ ಸರಕನ್ನು ತೆಗೆದು ನೋಡುತ್ತಾನೆ. ಸಾಕ್ಷ್ಯಚಿತ್ರವೂ ಒಂದು ಮಾದರಿಯೇ. ನೂರು ಗಂಟೆ ಚಿತ್ರ ತೆಗೆದು ಒಂದು ಗಂಟೆ ತೋರಿಸುವವನು ತೊಂಬತ್ತೊಂಬತ್ತು ಗಂಟೆಯನ್ನು ಮನೆಯಲ್ಲಿ ಇಟ್ಟುಕೊಂಡಿರುತ್ತಾನೆ. ಕಥೆ ಕಟ್ಟಿದ ಸಿನಿಮಾ ನೋಡುವಾಗ ಇದು ಬಣ್ಣ ಹಚ್ಚಿದ ಆಟವೆಂದು ನಮಗೆ ಗೊತ್ತಿರುತ್ತದೆ, ಆದಕಾರಣ ಮನಸ್ಸು ಸ್ವಲ್ಪ ಎಚ್ಚರದಲ್ಲಿರುತ್ತದೆ. ಸಾಕ್ಷ್ಯಚಿತ್ರದಲ್ಲಿ 'ಸಾಕ್ಷಿ' ಎಂಬ ಮಾತೇ ಹೆಸರಿನಲ್ಲಿ ಸೇರಿಕೊಂಡಿದೆ. ನಿಜವಾದ ಊರು, ನಿಜವಾದ ಮನುಷ್ಯ, ಅವನದೇ ದನಿ. ಕೊಳವೆ ಚುಚ್ಚಿ ನೋಡುವ ನೆನಪೇ ನಮಗೆ ಬರುವುದಿಲ್ಲ.

ಇದು ಇಂದು ನಿನ್ನೆಯ ವಿದ್ಯೆಯಲ್ಲ. 1922ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಎಂಬುವರು ಉತ್ತರ ಕೆನಡಾದ ಹಿಮಪ್ರದೇಶದ ಜನರನ್ನು ಕುರಿತು 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರ ತೆಗೆದರು. ಇಂಥ ಚಿತ್ರಗಳ ಪೂರ್ವಜನೆಂದು ಅದನ್ನು ಇಂದಿಗೂ ಕರೆಯುತ್ತಾರೆ. ಅದರಲ್ಲಿ ನಾನೂಕ್ ಎಂಬ ಬೇಟೆಗಾರ ಈಟಿ ಹಿಡಿದು ಬೇಟೆಯಾಡುತ್ತಾನೆ. ಅವನ ನಿಜವಾದ ಹೆಸರು ನಾನೂಕ್ ಅಲ್ಲ. ಆ ಕಾಲಕ್ಕೆ ಅಲ್ಲಿಯವರು ಬಂದೂಕು ಬಳಸುತ್ತಿದ್ದರು. ಮಂಜಿನ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಅರ್ಧ ಗೋಡೆ ಇಲ್ಲದ ಮನೆಯೊಂದನ್ನು ಕಟ್ಟಿಸಿ, ಆ ಚಳಿಯಲ್ಲಿ ಅವನ ಸಂಸಾರವನ್ನು ಮಲಗಿಸಿ ಏಳಿಸಿದರು. ಹಿಂದಿನ ಕಾಲದ ಬಾಳನ್ನು ಉಳಿಸಿಡಬೇಕೆಂಬುದು ಅವರ ಉದ್ದೇಶವಾಗಿತ್ತು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ನೋಡಿದವರು ಅದನ್ನು ಅಂದಿನ ಬಾಳು ಎಂದೇ ತಿಳಿದರು.

ಇದಕ್ಕಿಂತ ಹೇಸಿಗೆಯ ಸಂಗತಿ ಡಿಸ್ನಿ ಕಂಪನಿಯ 1958ರ 'ವೈಟ್ ವೈಲ್ಡರ್‌ನೆಸ್' ಚಿತ್ರದ್ದು. ಲೆಮ್ಮಿಂಗ್ ಎಂಬ ಇಲಿಯ ಜಾತಿಯ ಸಣ್ಣ ಪ್ರಾಣಿಗಳು ಗುಂಪುಗುಂಪಾಗಿ ತಾವೇ ನೀರಿಗೆ ಹಾರಿ ಸಾಯುತ್ತವೆ ಎಂದು ಅದರಲ್ಲಿ ತೋರಿಸಿದರು. ಆ ಪ್ರಾಣಿಗಳನ್ನು ಬೇರೆ ಕಡೆಯಿಂದ ತರಿಸಿ, ಚಿತ್ರ ತೆಗೆಯುವವರೇ ದಿಬ್ಬದಿಂದ ತಳ್ಳಿದ್ದರೆಂದು 1980ರ ದಶಕದಲ್ಲಿ ಕೆನಡಾದ ದೂರದರ್ಶನದವರು ಬಯಲಿಗೆ ಹಾಕಿದರು. ಅಷ್ಟರಲ್ಲಿ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದು ಎಷ್ಟೋ ವರ್ಷಗಳಾಗಿದ್ದವು. ಲೆಮ್ಮಿಂಗ್ ಆತ್ಮಹತ್ಯೆ ಮಾಡಿಕೊಳ್ಳುತ್ತದೆಂದು ನಂಬುವವರು ಈಗಲೂ ಇದ್ದಾರೆ.

ಇವು ಎದ್ದು ಕಾಣುವ ಮೋಸಗಳು. ಕಾಣದೆ ನಡೆಯುವುದು ಕತ್ತರಿಯ ಕೆಲಸ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಕುಲೆಶೊವ್ ಎಂಬ ಸಿನಿಮಾ ಉಪಾಧ್ಯಾಯರು ಒಂದು ಪರೀಕ್ಷೆ ಮಾಡಿದರೆಂದು ಆ ವೃತ್ತಿಯವರು ಹೇಳಿಕೊಂಡು ಬಂದಿದ್ದಾರೆ. ಒಬ್ಬ ನಟನ ಯಾವ ಭಾವವೂ ಇಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕಕ್ಕೂ ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೂ ಜೋಡಿಸಿ ತೋರಿಸಿದರಂತೆ. ಜನ ಮೊದಲನೆಯದರಲ್ಲಿ ಹಸಿವನ್ನು ಕಂಡರು, ಎರಡನೆಯದರಲ್ಲಿ ದುಃಖವನ್ನು ಕಂಡರು. ನಟನನ್ನು ಹೊಗಳಿದರು. ನಮ್ಮ ಅಜ್ಜಿಯ ಸೋರುವ ಕಣ್ಣಿನ ಪಕ್ಕ ಕೊಳಲನ್ನು ಇಟ್ಟಾಗ ಆದದ್ದೂ ಅದೇ ಅಲ್ಲವೆ?

ಹಿರಿಯ ಓದುಗರಿಗೆ ಇನ್ನೊಂದು ನೆನಪಿರುತ್ತದೆ. ಟೆಂಟಿನಲ್ಲಿ ಎಂ.ಜಿ.ಆರ್. ಚಿತ್ರವಾಗಲಿ ರಾಜ್‌ಕುಮಾರ್ ಚಿತ್ರವಾಗಲಿ ಆರಂಭವಾಗುವ ಮೊದಲು ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರ ಬರುತ್ತಿತ್ತು. ಅಣೆಕಟ್ಟು, ಮಂತ್ರಿಗಳು, ಗೊಬ್ಬರ, ಕುಟುಂಬ ಯೋಜನೆ. 1948ರಲ್ಲಿ ಹುಟ್ಟಿದ ಆ ಸರ್ಕಾರಿ ಸಂಸ್ಥೆ 2022ರಲ್ಲಿ ಇನ್ನೊಂದು ನಿಗಮದಲ್ಲಿ ಲೀನವಾಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಆ ಚಿತ್ರಗಳು ಸರ್ಕಾರದ ಗುಣಗಾನವನ್ನೇ ಮಾಡಿದವು. ಆದರೂ ಅವುಗಳಿಂದ ಅಷ್ಟೊಂದು ಅಪಾಯವಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಹೇಳುತ್ತಿರುವುದು ಸರ್ಕಾರವೆಂದು ಎಲ್ಲರಿಗೂ ಗೊತ್ತಿತ್ತು, ಅದು ಓಡುತ್ತಿರುವಾಗ ಜನ ಹೊರಗೆ ಬೀಡಿ ಸೇದುತ್ತಿದ್ದರು. ಹೇಳುವವನ ಗುರುತು ಸಿಗದಂತೆ ಬರುವ ಚಿತ್ರವೇ ಹೆಚ್ಚು ಒಳಗೆ ಇಳಿಯುತ್ತದೆ.

ಈಗ ನಮ್ಮ ಬಾಗಿಲಿಗೇ ಬರೋಣ. ಧರ್ಮಪುರಿ ಜಿಲ್ಲೆಯ ಹೆಸರನ್ನು ಲೋಕವೆಲ್ಲ ಕೇಳುವಂತೆ ಮಾಡಿದವನು ವೀರಪ್ಪನ್. ಹೊಗೇನಕಲ್ ಜಲಪಾತಕ್ಕೂ ಆ ಭಾಗ್ಯ ಬರಲಿಲ್ಲ. ಅವನು ಹುಟ್ಟಿದ್ದು ಕರ್ನಾಟಕದ ಗೋಪಿನಾಥಂನಲ್ಲಿ, ಸತ್ತದ್ದು 2004ರ ಅಕ್ಟೋಬರ್ 18ರ ರಾತ್ರಿ ನಮ್ಮ ಧರ್ಮಪುರಿಯ ಪಾಪ್ಪಾರಪಟ್ಟಿಯ ಬಳಿ, ಒಂದು ಆಂಬುಲೆನ್ಸಿನಲ್ಲಿ. ಅವನನ್ನು ಕುರಿತು 2023ರಲ್ಲಿ ನಾಲ್ಕೇ ತಿಂಗಳ ಅಂತರದಲ್ಲಿ ಎರಡು ಸಾಕ್ಷ್ಯಚಿತ್ರ ಸರಣಿಗಳು ಬಂದವು. ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದದ್ದು ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ 'ದಿ ಹಂಟ್ ಫಾರ್ ವೀರಪ್ಪನ್'. ಡಿಸೆಂಬರಿನಲ್ಲಿ ಜೀ5ರಲ್ಲಿ ಬಂದದ್ದು ಶರತ್ ಜ್ಯೋತಿ ನಿರ್ದೇಶಿಸಿದ 'ಕೂಸೆ ಮುನಿಸಾಮಿ ವೀರಪ್ಪನ್'. ನಮ್ಮ ಮನೆಗಳಲ್ಲಿ ಮಕ್ಕಳ ಮೊಬೈಲಿನಲ್ಲಿ ಎರಡನ್ನೂ ನೋಡಿದವರು ಬಹಳ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಮಾತಾಡಿದ್ದನ್ನೂ ಕೇಳಿದ್ದೇವೆ. ಅಣ್ಣನಿಗೆ ಅವನು ಕೊಲೆಗಡುಕ, ತಮ್ಮನಿಗೆ ಪೊಲೀಸರು ಹಾಗೆ ಮಾಡಿದ ಬಡವ.

ಮೊದಲನೆಯದರಲ್ಲಿ ಅವನ ಹೆಂಡತಿ ಮುತ್ತುಲಕ್ಷ್ಮಿಯವರ ಮಾತು ಮುಖ್ಯ ಎಳೆ. ಜೊತೆಗೆ ಪೊಲೀಸ್ ಅಧಿಕಾರಿಗಳು, ಅರಣ್ಯದವರು, ಪತ್ರಕರ್ತರು ಮಾತಾಡುತ್ತಾರೆ. ಎರಡನೆಯದಕ್ಕೆ ಬೆನ್ನೆಲುಬು ವೀರಪ್ಪನ್ನನದೇ ಮುಖ, ಅವನದೇ ಮಾತು. 1990ರ ದಶಕದಲ್ಲಿ ನಕ್ಕೀರನ್ ಪತ್ರಿಕೆಯವರು ಕಾಡಿಗೆ ಹೋಗಿ ತೆಗೆದುಕೊಂಡು ಬಂದ ವಿಡಿಯೊ ಅದು. ಆ ಪತ್ರಿಕೆಯ ಗೋಪಾಲ್ ಅವರು 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಸರ್ಕಾರದ ಪರವಾಗಿ ಸಂಧಾನಕ್ಕೆ ಹೋದವರು ಎಂಬುದು ಎಲ್ಲರಿಗೂ ಗೊತ್ತಿದೆ. ಅಂದರೆ ಚಿತ್ರದ ಸರಕು ಯಾರದೋ ಅವರೂ ಆ ಕಥೆಯಲ್ಲಿ ಒಂದು ಪಾತ್ರವೇ. ಇದನ್ನು ದೋಷವೆಂದು ಹೇಳುತ್ತಿಲ್ಲ. ಅವರು ಹೋಗದೇ ಇದ್ದಿದ್ದರೆ ಆ ಮಾತು ನಮಗೆ ಸಿಗುತ್ತಲೇ ಇರಲಿಲ್ಲ. ಮಾರುವವನು ಯಾರೆಂದು ಅರಿತು ಸರಕು ಕೊಳ್ಳಬೇಕೆಂದಷ್ಟೇ ನಮ್ಮ ಮಾತು.

ಕೊಲೆಗಾರ ತನ್ನ ಬಾಯಿಂದಲೇ ತನ್ನ ಕಥೆ ಹೇಳುವಾಗ ಒಂದು ವಿಚಿತ್ರ ನಡೆಯುತ್ತದೆ. ಅವನು ನಗುತ್ತಾನೆ, ಮೀಸೆ ತಿರುವುತ್ತಾನೆ, ನಮ್ಮ ಊರಿನ ಮಾತಿನಲ್ಲೇ ಗಾದೆ ಹೇಳುತ್ತಾನೆ. ಅರ್ಧ ಗಂಟೆಯಲ್ಲಿ ಅವನು ನಮ್ಮ ಪರಿಚಯದವನಾಗಿಬಿಡುತ್ತಾನೆ. ಅವನ ಕೈಯಲ್ಲಿ ಸತ್ತವರಿಗೆ ಆ ಅವಕಾಶವಿಲ್ಲ. ಸತ್ತವನು ಒಂದು ಹಳೆಯ ಫೋಟೊದಲ್ಲಿ ಐದು ಸೆಕೆಂಡ್ ಕಾಣಿಸಿ ಹೋಗುತ್ತಾನೆ. ನಿರ್ದೇಶಕ ಪಕ್ಷಪಾತ ಮಾಡಬೇಕೆಂದು ಬಯಸದಿದ್ದರೂ, ಬದುಕಿ ಮಾತಾಡಿದವನ ಕಡೆಗೆ ತಕ್ಕಡಿ ತಾನಾಗಿಯೇ ವಾಲುತ್ತದೆ.

ಇನ್ನು ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನೋಡಬೇಕು. ಗೋಪಿನಾಥಂನ ಬಡತನದಿಂದ, ಕಾಡಿನವರ ಮೇಲೆ ಅಧಿಕಾರಿಗಳ ದರ್ಪದಿಂದ ಶುರು ಮಾಡಿದರೆ ಮೊದಲನೆಯ ಕೊಲೆಯು ಒಂದು ಉತ್ತರದಂತೆ ಕಾಣುತ್ತದೆ. 1991ರ ನವೆಂಬರ್ 10ರಿಂದ ಶುರು ಮಾಡಿ ನೋಡಿ. ಅಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗುತ್ತೇನೆಂದು ನಂಬಿಸಿ ಕರೆಸಿ ಕೊಂದರು. ಅದೇ ಗೋಪಿನಾಥಂನಲ್ಲಿ ಜನರ ನಡುವೆ ಇದ್ದು, ಔಷಧಿ ಕೊಟ್ಟು, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಮನುಷ್ಯ ಅವರು. ಅಲ್ಲಿಂದ ಕಥೆ ಎತ್ತಿಕೊಂಡರೆ ಬಡತನದ ಮಾತು ಒಂದು ನೆಪದಂತೆ ಕೇಳಿಸುತ್ತದೆ. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಿಂದ ಎತ್ತಿಕೊಂಡರೆ ಇಪ್ಪತ್ತೆರಡು ಹೆಣಗಳು ಎದುರಿಗೆ ಬರುತ್ತವೆ. ಯಾವುದರಲ್ಲೂ ಒಂದು ಸುಳ್ಳು ಮಾತಿಲ್ಲ. ಎಳೆ ಎಲ್ಲಿಂದ ಹಿಡಿದಿರಿ ಎಂಬುದರಲ್ಲಿಯೇ ಅರ್ಧ ತೀರ್ಪು ಆಗಿಹೋಗಿರುತ್ತದೆ. ವ್ಯಾಜ್ಯ ಬಿಡಿಸಲು ಕುಳಿತ ಊರಿನ ಯಜಮಾನರಿಗೆಲ್ಲ ಇದು ತಿಳಿದದ್ದೇ. "ಮೊದಲು ಬೇಲಿ ಕಿತ್ತವನು ಯಾರು" ಎಂಬಲ್ಲಿಂದ ಶುರು ಮಾಡಲು ಒಬ್ಬ ಹಟ ಹಿಡಿಯುತ್ತಾನೆ, "ಮೊದಲು ಕೈ ಮಾಡಿದವನು ಯಾರು" ಎಂಬಲ್ಲಿಂದ ಇನ್ನೊಬ್ಬ.

ಇಲ್ಲಿ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಒಂದು ಮಾತಿದೆ, ಅದನ್ನು ಬಿಟ್ಟರೆ ಈ ಲೇಖನವೂ ಆರಿಸಿಟ್ಟ ಮಾದರಿಯಾಗುತ್ತದೆ. ಮಾಜಿ ಸಚಿವ ಎಚ್. ನಾಗಪ್ಪನವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಎಳೆದೊಯ್ದರು. ಡಿಸೆಂಬರ್ 8ರಂದು ಕಾಡಿನಲ್ಲಿ ಅವರ ಶವ ಸಿಕ್ಕಿತು. ಅವರ ಸಾವು ಯಾರ ಕೈಯಿಂದ ಆಯಿತೆಂಬ ಬಗ್ಗೆ ಮಾತುಗಳು ಬೇರೆಬೇರೆಯಾಗಿಯೇ ಉಳಿದವು. ಅವರು ನಮ್ಮ ಸಮಾಜದವರು. ಈ ಕಡೆಯ ನಮ್ಮ ಪ್ರತಿ ಮನೆಯಲ್ಲೂ ಆ ಸಂಕಟವಿತ್ತು, ಈಗಲೂ ಇದೆ. ಅವರ ಕಥೆ ಯಾವ ಚಿತ್ರದಲ್ಲಿ ಎಷ್ಟು ನಿಮಿಷ ಬಂದೀತೆಂದು ನಾವು ಲೆಕ್ಕ ಹಾಕುತ್ತೇವೆ. ಒಳ್ಳೆಯದು. ಆದರೆ ಅದೇ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಶೇಷ ಕಾರ್ಯಪಡೆಯವರ ಶಿಬಿರವೊಂದಿತ್ತು. ಅದಕ್ಕೆ 'ವರ್ಕ್‌ಶಾಪ್' ಎಂದು ಹೆಸರು. ಅಲ್ಲಿ ಸುತ್ತಮುತ್ತಲ ಹಳ್ಳಿಯ ಗಂಡಸರು ಹೆಂಗಸರನ್ನು ಹಿಡಿದಿಟ್ಟು ಚಿತ್ರಹಿಂಸೆ ಕೊಟ್ಟರೆಂದು ಜನ ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ಆಯೋಗವು 89 ಮಂದಿಗೆ ಪರಿಹಾರ ಕೊಡಬೇಕೆಂದು ಹೇಳಿತು. ಆ ವರ್ಷಗಳಲ್ಲಿ ಶಿವರಾತ್ರಿಗೆ, ದೀಪಾವಳಿಗೆ ನಮ್ಮವರು ಬೆಟ್ಟಕ್ಕೆ ಹೋಗುತ್ತಲೇ ಇದ್ದರು. ಮುಡಿ ಕೊಟ್ಟು, ತೇರು ಎಳೆದು, ಪ್ರಸಾದ ಕಟ್ಟಿಕೊಂಡು ಬಂದೆವು. ಅಲ್ಲಿ ಪೊಲೀಸರ ಬೀಡು ಇದೆಯೆಂದು ನಮಗೆ ಗೊತ್ತಿತ್ತು. ಒಳಗೆ ಏನು ನಡೆಯುತ್ತದೆಂದು ನಾವು ಕೇಳಲಿಲ್ಲ. ಆ ಹಳ್ಳಿಗರ ಅಳುವನ್ನು ಒಂದು ಸಾಕ್ಷ್ಯಚಿತ್ರದಲ್ಲಿ ಕಂಡಾಗ ನಮ್ಮಲ್ಲಿ ಕೆಲವರು, "ಇದು ಕಳ್ಳನ ಪರ ತೆಗೆದ ಚಿತ್ರ" ಎಂದು ಮೊಬೈಲ್ ಆರಿಸಿಟ್ಟರು. ಚಿತ್ರ ತೆಗೆದವನ ಕತ್ತರಿಯನ್ನು ಬೈಯುವ ನಾವು ನಮ್ಮ ಕೈಯಲ್ಲೂ ಒಂದು ಕತ್ತರಿ ಹಿಡಿದುಕೊಂಡೇ ನೋಡಲು ಕುಳಿತಿರುತ್ತೇವೆ.

ಹಾಗಾದರೆ ಎರಡೂ ಪಕ್ಷಕ್ಕೆ ಸಮನಾಗಿ ಅರ್ಧರ್ಧ ಹಂಚಿ ತೋರಿಸಿದರೆ ನ್ಯಾಯವಾಗುತ್ತದೆಯೆ? ಹಾಗೆಂದು ವಾದಿಸುವವರು ಬಹಳ. ನಾವು ಒಪ್ಪುವುದಿಲ್ಲ. ಯಾವ ಸರಕು ಹಾಕಿದರೂ ಸಮವಾಗಿಯೇ ನಿಲ್ಲುವ ತಕ್ಕಡಿ ಕೆಟ್ಟ ತಕ್ಕಡಿ, ಅದನ್ನು ಯಾವ ಅಂಗಡಿಯವನೂ ಇಟ್ಟುಕೊಳ್ಳುವುದಿಲ್ಲ.

ನಮ್ಮ ಹರೂರಿನ ಆಚೆ, ಸಿತ್ತೇರಿ ಬೆಟ್ಟದ ಬುಡದಲ್ಲಿರುವ ವಾಚಾತ್ತಿಯನ್ನು ನೆನೆಯಿರಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಗಿರಿಜನರ ಊರಿಗೆ ನುಗ್ಗಿದರು. ಮನೆಗಳನ್ನು ಹಾಳುಗೆಡವಿದರು, ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಆಗ ಅಲ್ಲಿ ಯಾವ ಕ್ಯಾಮೆರಾವೂ ಇರಲಿಲ್ಲ. ಅದು ಗಂಧದ ಕಳ್ಳರ ಊರು ಎಂಬ ಇಲಾಖೆಯ ಮಾತೇ ಮೊದಲು ಹೊರಗೆ ಬಂದದ್ದು, ಮೊರಪ್ಪೂರಿನ ಚಹಾ ಅಂಗಡಿಗಳಲ್ಲಿ ನಾವು ಕೇಳಿ ನಂಬಿದ್ದೂ ಅದನ್ನೇ. ಸಿ.ಬಿ.ಐ. ತನಿಖೆಯಾಯಿತು. ಆರೋಪಿಗಳು 269 ಮಂದಿ. ವಿಚಾರಣೆ ಮುಗಿಯುವಷ್ಟರಲ್ಲಿ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರೆಂದು 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ಹೇಳಿತು. ಸರಿಯಾಗಿ ಹನ್ನೆರಡು ವರ್ಷದ ಮೇಲೆ, 2023ರ ಸೆಪ್ಟೆಂಬರ್ 29ರಂದು ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಆ ನ್ಯಾಯಾಲಯ ಎರಡೂ ಕಡೆಯವರ ಮಾತನ್ನು ಕೇಳಿತು. ಆ ಹೆಣ್ಣುಮಕ್ಕಳು ಎದುರು ವಕೀಲರ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡಬೇಕಾಯಿತು. ಕೇಳಿದ್ದು ಸಮ, ಹೇಳಿದ ತೀರ್ಪು ಸಮವಲ್ಲ. ಸಾಕ್ಷ್ಯಚಿತ್ರಕ್ಕೂ ನಾವು ಕೇಳಬೇಕಾದದ್ದು ಇಷ್ಟೇ ಎಂದು ತೋರುತ್ತದೆ. ಒಂದು ಕಡೆ ವಾಲಬೇಡ ಎಂದಲ್ಲ, ವಾಲುವ ಮೊದಲು ಇನ್ನೊಂದು ತಟ್ಟೆಗೆ ಏನಾದರೂ ಹಾಕಿದೆಯಾ ಎಂದು. ವಾಚಾತ್ತಿಯ ತಾಯಂದಿರ ಪರವಾಗಿ ಯಾರಾದರೂ ಚಿತ್ರ ತೆಗೆದರೆ ಅವರು ಪಕ್ಷ ವಹಿಸಲಿ, ಧಾರಾಳವಾಗಿ ವಹಿಸಲಿ. ಬಲವುಳ್ಳವರ ಮಾತಿಗೆ ಇಪ್ಪತ್ತು ವರ್ಷ ಸರ್ಕಾರದ ಮೊಹರು ಇತ್ತು, ಬಲವಿಲ್ಲದವರಿಗೆ ಒಂದು ಗಂಟೆಯಾದರೂ ಬೇಡವೆ? ಮನವೊಲಿಸುವುದು ಪಾಪವಲ್ಲ. ವಕೀಲ ಮನವೊಲಿಸುತ್ತಾನೆ, ವ್ಯಾಪಾರಿ ಮನವೊಲಿಸುತ್ತಾನೆ, ಉಪದೇಶ ಮಾಡುವವರೂ ಅದನ್ನೇ ಮಾಡುತ್ತಾರೆ, ಈ ಪತ್ರಿಕೆಯೂ ಅದನ್ನು ಬಿಟ್ಟು ಬೇರೇನೂ ಮಾಡುತ್ತಿಲ್ಲ. ಆದರೆ ಕೇಳುವವನಿಗೆ ನಾನು ಯಾರ ಪರ ನಿಂತಿದ್ದೇನೆಂದು ಮೊದಲೇ ತಿಳಿಸಿರಬೇಕು. ಮಾತು ಕೊಟ್ಟವರು ಚಿತ್ರ ನೋಡಿದಾಗ "ಇದು ನಾನೇ ಹೇಳಿದ್ದು" ಎನ್ನುವಂತಿರಬೇಕು. ನಮ್ಮ ಹುಡುಗ ಮೊದಲನೆಯದರಲ್ಲಿ ಅಷ್ಟೇನೂ ತಪ್ಪಿರಲಿಲ್ಲ, ಎರಡನೆಯದರಲ್ಲಿ ತಪ್ಪಿದ.

ಇದು ಒಬ್ಬ ಅಜ್ಜಿಯ ಮನಸ್ಸಿನ ನೋವಿನ ಮಾತಷ್ಟೇ ಎಂದು ತಿಳಿಯಬಾರದು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಸಲುವಾಗಿ ಗಲಾಟೆಯಾದಾಗ ನಡೆದದ್ದನ್ನು ಲಾರಿ ಇಟ್ಟುಕೊಂಡಿರುವ ನಮ್ಮ ಓದುಗರು ಮರೆತಿರಲಾರರು. ಬೆಂಗಳೂರಿನಲ್ಲಿ ಒಬ್ಬ ತಮಿಳು ಹುಡುಗನನ್ನು ಹೊಡೆಯುವ ತುಣುಕು ಈ ಕಡೆ ಓಡಾಡಿತು. ರಾಮೇಶ್ವರದ ಕಡೆ ಕರ್ನಾಟಕದ ಚಾಲಕನನ್ನು ಹೊಡೆಯುವ ತುಣುಕು ಆ ಕಡೆ ಓಡಾಡಿತು. ಎರಡೂ ನಿಜವಾದ ಹೊಡೆತಗಳೇ. ಒಂದು ಕಡೆಯವರು ಒಂದನ್ನೇ ನೋಡಿದರು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲುಸಾಲಾಗಿ ಸುಟ್ಟುಹೋದವು. ಹೊಸೂರಿನ ಈಚೆಗೆ ಲಾರಿಗಳು ನಿಂತು ಟೊಮ್ಯಾಟೊ ಕೊಳೆಯಿತು. ಅದಕ್ಕೂ ಹಿಂದೆ, 2000ದ ಜುಲೈ 30ರಿಂದ ರಾಜ್‌ಕುಮಾರ್ ಕಾಡಿನಲ್ಲಿದ್ದ 108 ದಿನವೂ, ಗಡಿಯ ಈಚೆ ಇರುವ ಕನ್ನಡದ ಮನೆಗಳಲ್ಲಿ ಸಂಜೆಯಾದರೆ ಬಾಗಿಲು ಹಾಕುತ್ತಿದ್ದೆವು. ಗಡಿಯ ಆಚೆ ತಮಿಳರ ಮನೆಗಳಲ್ಲೂ ಹಾಗೆಯೇ. ನಮ್ಮ ಅಜ್ಜಿಯ ಮಾತಿನ ಆ ಹತ್ತು ಸೆಕೆಂಡನ್ನು ಅಂಥ ಒಂದು ವಾರದಲ್ಲಿ ಯಾರಾದರೂ ಎತ್ತಿ ಹರಿಯಬಿಟ್ಟರೆ, 'ತಮಿಳುನಾಡಿನಲ್ಲಿ ಕನ್ನಡವನ್ನು ಕೊಲ್ಲುತ್ತಿದ್ದಾರೆ, ನೋಡಿ ಅಳುವ ಮುದುಕಿ' ಎಂದಾಗುತ್ತದೆ. ಅದರ ಬೆಲೆ ತೆರಬೇಕಾದವರು ಬೆಂಗಳೂರಿನಲ್ಲಿರುವವರಲ್ಲ. ಅಜ್ಜಿ, ಅವರ ಮೊಮ್ಮಕ್ಕಳು ಮತ್ತು ಮೂರು ತಿಂಗಳು ಅನ್ನ ಹಾಕಿದ ಆ ಪಕ್ಕದ ಮನೆಯಾಕೆ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಮಾಡಿದವರಿಗೆ ಕ್ಯಾಮೆರಾ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರೋ ಏನೋ.

ಈ ವಿಚಾರಗಳನ್ನು ಹುಡುಗನೊಡನೆ ಕುಳಿತು ಮಾತಾಡಿದೆವು. ಅವನೂ ಒಂದು ಮಾತು ಕೇಳಿದ, ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿರಲಿಲ್ಲ. "ಅಯ್ಯಾ, ಅಜ್ಜಿ ಹೇಳಿದ್ದನ್ನೆಲ್ಲ ಇಟ್ಟರೆ ನೋಡುವವರಿಗೆ ನಮ್ಮ ಕಷ್ಟ ಕಷ್ಟ ಅಂತ ಅನ್ನಿಸೋದೇ ಇಲ್ಲ. ಕನ್ನಡ ಶಾಲೆ ಇಲ್ಲ, ಪುಸ್ತಕ ಇಲ್ಲ, ಓದಿಸೋವರಿಲ್ಲ, ಅದು ಸುಳ್ಳಾ?" ಎಂದ. ಸುಳ್ಳಲ್ಲ. ಅವನ ಸಂಕಟ ನಿಜವಾದದ್ದು, ಅದೇ ಸಂಕಟ ಅವನ ಕೈಯಿಂದ ಕತ್ತರಿ ಹಾಕಿಸಿತು. ಕೆಟ್ಟ ಉದ್ದೇಶದಿಂದ ಕತ್ತರಿಸುವವರಿಗಿಂತ ನ್ಯಾಯ ತಮ್ಮ ಕಡೆಗಿದೆ ಎಂದು ತಿಳಿದು ಕತ್ತರಿಸುವವರೇ ಲೋಕದಲ್ಲಿ ಹೆಚ್ಚು. ಮನವಿಯನ್ನು ಬರೆಯುವ ಹಿರಿಯರಿಗೂ ಈಗ ಅಸಮಾಧಾನವಿದೆ. ಚಿತ್ರ ಸಪ್ಪೆಯಾಗುತ್ತದೆ ಎನ್ನುತ್ತಾರೆ. ಸಪ್ಪೆಯಾದರೂ ಆಗಲಿ, ಶಾಲೆಯಿಲ್ಲದ ಕೊರತೆಯನ್ನು ಶಾಲೆಯ ಹೆಸರಿನಲ್ಲೇ ಕೇಳೋಣ, ನೆರೆಯವಳ ಹೆಸರು ಕೆಡಿಸಿ ಕೇಳುವುದು ಬೇಡ ಎಂದು ನಾವು ಹೇಳಿದ್ದೇವೆ. ಎಲ್ಲರೂ ಒಪ್ಪಿಲ್ಲ.

ಹುಡುಗ ಈಗ ಅಜ್ಜಿಯ ಮಾತನ್ನು ಪೂರ್ತಿಯಾಗಿ ಸೇರಿಸಿ, ಕೊಳಲನ್ನು ತೆಗೆದು, ಇಪ್ಪತ್ತಾರು ನಿಮಿಷದ ಇನ್ನೊಂದು ರೂಪ ಮಾಡಿದ್ದಾನೆ. ಬರುವ ಅಮಾವಾಸ್ಯೆಯ ಸಂಜೆ, ಪ್ರಸಾದವಾದ ಮೇಲೆ, ಅದೇ ಮನೆಯಲ್ಲಿ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ತೋರಿಸುತ್ತಾರೆ. ಯಾವುದು ಬೆಂಗಳೂರಿಗೆ ಹೋಗಬೇಕೆಂಬುದನ್ನು ಅಂದು ಕೂತವರು ಹೇಳಬೇಕು. ಸುತ್ತಲಿನ ಊರುಗಳ ಭಕ್ತರು ಬಿಡುವು ಮಾಡಿಕೊಂಡು ಬರಬೇಕಾಗಿ ಕೋರುತ್ತೇವೆ. ಪಕ್ಕದ ಮನೆಯಾಕೆಯನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆಂದು ಅಜ್ಜಿ ಹೇಳಿದ್ದಾರೆ. ಆಕೆಗೆ ಕನ್ನಡ ಬರುವುದಿಲ್ಲ. ಪಕ್ಕದಲ್ಲಿ ಕುಳಿತು ತಮಿಳಿನಲ್ಲಿ ಹೇಳಲು ಒಬ್ಬರು ಬೇಕಾಗಿದ್ದಾರೆ.